ಪುಣೆಯಲ್ಲಿ ಎರಡನೇ ಗಾಡಿಗೆ ಸಾಲ: ಮುದ್ರಾ ಸಾಕಾ, ಸಿಜಿಟಿಎಂಎಸ್‌ಇ ಕೇಳಬೇಕಾ?

ಭೋಸರಿ_ಪಿಕಪ್:

ನಮಸ್ಕಾರ. ಈಗ ಒಂದು ಪಿಕಪ್ ಇದೆ, ಎಂಎಚ್-14 ಪಾಸಿಂಗ್. ಅದಕ್ಕೆ ಮುದ್ರಾ (ಸಣ್ಣ ಉದ್ಯಮಗಳ ಸರ್ಕಾರಿ ಸಾಲ ಯೋಜನೆ) ಕಿಶೋರ್‌ನಲ್ಲಿ 4.8 ಲಕ್ಷ ಸಾಲ ಆಗಿತ್ತು, 8 ಕಂತು ಬಾಕಿ. ಕಂತು ತಪ್ಪಿಲ್ಲ. ಈಗ 14 ಅಡಿ ಗಾಡಿ ತಗೊಳ್ಳಬೇಕು, ಜಿವಿಡಬ್ಲ್ಯೂ (ಗಾಡಿ, ಲೋಡ್ ಸೇರಿ ಗರಿಷ್ಠ ತೂಕ) 7,490 ಕೆಜಿ. ಆನ್-ರೋಡ್ ಕೊಟೇಶನ್ 17.6 ಲಕ್ಷ. ಕೈಯಲ್ಲಿ 3.6 ಲಕ್ಷ ಇದೆ, 14 ಲಕ್ಷ ಸಾಲ ಬೇಕು. ಕೆಲಸ ಚಾಕಣದಿಂದ ಭಿವಂಡಿ ಗೋದಾಮಿಗೆ, ಒಂದು ಟ್ರಾನ್ಸ್‌ಪೋರ್ಟ್ ಕಂಪನಿ ಕೆಳಗೆ. ಟ್ರಿಪ್‌ಗೆ 9,500, ತಿಂಗಳಿಗೆ 16 ಟ್ರಿಪ್ ಕೊಡ್ತೀವಿ ಅಂತಾರೆ. ದುಡ್ಡು 45 ದಿನಕ್ಕೆ.

ಒಂದು ಬ್ಯಾಂಕಿನಲ್ಲಿ ಕೇಳಿದರೆ, ಮುದ್ರಾದಲ್ಲಿ 20 ಲಕ್ಷದವರೆಗೆ ಇದೆ ನಿಜ, ಆದರೆ ನಿಮಗೆ ಆಗಲ್ಲ, ಊರಿನ ಹೊಲ ಅಥವಾ ಫ್ಲ್ಯಾಟ್ ಅಡಮಾನ ಇಡಿ ಅಂದರು. ಬಡ್ಡಿ ಸುಮಾರು 11. ಸರ್ಕಾರವೇ ಗ್ಯಾರಂಟಿ ಕೊಡುವ ಸ್ಕೀಮ್ ಇದ್ದ ಮೇಲೆ ಅಡಮಾನ ಯಾಕೆ? ಯಾವ ಸ್ಕೀಮ್ ಕೇಳಬೇಕು, ಹೇಗೆ ಕೇಳಬೇಕು? ಆಧಾರ್ ಇನ್ನೂ ಇಂಡಿ ತಾಲ್ಲೂಕಿನ ವಿಳಾಸದಲ್ಲೇ ಇದೆ, ಅದೂ ತೊಂದರೆಯಾ?

ಲೆಕ್ಕಪತ್ರ_ಪಿಂಪ್ರಿ:

20 ಲಕ್ಷ ನಿಮಗೆ ಆಗಲ್ಲ ಅಂದದ್ದು ಸರಿ. ಅಡಮಾನ ಇಡಲೇಬೇಕು ಅಂದದ್ದು ಸರಿಯಲ್ಲ.

ಮುದ್ರಾದಲ್ಲಿ ಶಿಶು 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. 2024ರ ಅಕ್ಟೋಬರ್‌ನಲ್ಲಿ ಸೇರಿಸಿದ ತರುಣ್ ಪ್ಲಸ್ 10ರಿಂದ 20 ಲಕ್ಷ. ಆದರೆ ತರುಣ್ ಪ್ಲಸ್ ಸಿಗುವುದು ಹಿಂದೆ ತರುಣ್ ಸಾಲ ತೆಗೆದು ಸರಿಯಾಗಿ ತೀರಿಸಿದವರಿಗೆ ಮಾತ್ರ. ನಿಮ್ಮದು ಕಿಶೋರ್. ಹಾಗಾಗಿ ಮುದ್ರಾದಲ್ಲಿ ನಿಮ್ಮ ಮೇಲ್ಮಿತಿ 10 ಲಕ್ಷ. 17.6 ಲಕ್ಷದ ಗಾಡಿಗೆ ಅದು ಸಾಲದು.

ಉಳಿದ ದಾರಿ ಸಿಜಿಟಿಎಂಎಸ್‌ಇ. ಸಣ್ಣ ಉದ್ಯಮದ ಸಾಲಕ್ಕೆ ಗ್ಯಾರಂಟಿ ಕೊಡಲು ಕೇಂದ್ರ ಸರ್ಕಾರ ಮತ್ತು ಸಿಡ್ಬಿ (ಸಣ್ಣ ಉದ್ಯಮಗಳ ಬ್ಯಾಂಕ್) ಸೇರಿ 2000ದಲ್ಲಿ ಮಾಡಿದ ಟ್ರಸ್ಟ್. ಇದು ನಿಮಗೆ ಸಾಲ ಕೊಡುವುದಿಲ್ಲ, ನೀವು ಅಲ್ಲಿಗೆ ಅರ್ಜಿ ಹಾಕುವಂತೆಯೂ ಇಲ್ಲ. ಸಾಲ ಕೊಡುವುದು ಬ್ಯಾಂಕ್, ಅದೇ ಸಾಲವನ್ನು ಟ್ರಸ್ಟ್‌ನಲ್ಲಿ ನೋಂದಾಯಿಸಿ ಗ್ಯಾರಂಟಿ ತಗೊಳ್ಳುವುದೂ ಬ್ಯಾಂಕ್. 2025ರ ಏಪ್ರಿಲ್‌ನಿಂದ ಮಿತಿ 10 ಕೋಟಿ ಆಗಿದೆ, 14 ಲಕ್ಷ ಅದಕ್ಕೆ ಲೆಕ್ಕವೇ ಅಲ್ಲ. ಸರಕು ಸಾಗಣೆ ಸೇವಾ ಉದ್ಯಮ, ಆದ್ದರಿಂದ ಒಳಗೆ ಬರುತ್ತದೆ.

ಈ 'ಸರ್ಕಾರಿ ಗ್ಯಾರಂಟಿ' ಅನ್ನುವ ಮಾತನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ. ಸಾಲ ಕೆಟ್ಟರೆ ಬ್ಯಾಂಕ್ ನಿಮ್ಮ ಮೇಲೆ ವಸೂಲಿ ಶುರು ಮಾಡಿಯೇ ಟ್ರಸ್ಟ್‌ನಿಂದ ತನ್ನ ಪಾಲು ಕೇಳಬೇಕು. ಟ್ರಸ್ಟ್ ಕೊಟ್ಟ ಮೇಲೂ ನಿಮ್ಮ ಬಾಕಿ ಒಂದು ರೂಪಾಯಿ ಇಳಿಯುವುದಿಲ್ಲ. ಗಾಡಿ ಜಪ್ತಿ, ಸಿಬಿಲ್ (ಸಾಲದ ದಾಖಲೆ) ಕಲೆ, ಕೋರ್ಟು ಎಲ್ಲ ಹಾಗೇ ಇರುತ್ತದೆ. ನಿಮಗಾಗುವ ಲಾಭ ಒಂದೇ: ಹೊಲ, ಮನೆ ಅಡಮಾನ ಇಡದೆ, ಹೊರಗಿನವರ ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಗಾಡಿ ಮಾತ್ರ ಬ್ಯಾಂಕಿಗೆ ಹೈಪಾಥಿಕೇಶನ್ (ಸಾಲದ ಒತ್ತೆ, ಓಡಿಸುವುದು ನೀವೇ) ಆಗಿಯೇ ಇರುತ್ತದೆ.

ಇದಕ್ಕೆ ಶುಲ್ಕವಿದೆ. 10 ಲಕ್ಷದವರೆಗೆ ವರ್ಷಕ್ಕೆ 0.37%, 10ರಿಂದ 50 ಲಕ್ಷಕ್ಕೆ 0.55%, ಇದು ಸ್ಟ್ಯಾಂಡರ್ಡ್ ದರ. 14 ಲಕ್ಷಕ್ಕೆ ಮೊದಲ ವರ್ಷ 7,700, ಜಿಎಸ್‌ಟಿ ಸೇರಿ 9,086. ಮುಂದಿನ ವರ್ಷಗಳಲ್ಲಿ ಬಾಕಿ ಉಳಿದ ಅಸಲಿನ ಮೇಲೆ. ಸಾಮಾನ್ಯವಾಗಿ ಇದು ಸಾಲಗಾರನ ತಲೆಗೇ ಬೀಳುತ್ತದೆ, ಸ್ಯಾಂಕ್ಷನ್ ಪತ್ರದಲ್ಲಿ ಓದಿಕೊಳ್ಳಿ.

ಮತ್ತೆ ಬ್ಯಾಂಕ್‌ಗಳು ಯಾಕೆ ಹಿಂದೇಟು ಹಾಕುತ್ತವೆ? ನಿಮ್ಮ ವರ್ಗದ 14 ಲಕ್ಷಕ್ಕೆ ಗ್ಯಾರಂಟಿ ಸಾಮಾನ್ಯವಾಗಿ 75% ಮಾತ್ರ. ಉಳಿದ ಕಾಲುಭಾಗ ಬ್ಯಾಂಕಿನ ನಷ್ಟ. ಕ್ಲೇಮ್ ಪಡೆಯಲು ಕಾಗದಪತ್ರ ಅಚ್ಚುಕಟ್ಟಾಗಿರಬೇಕು, ಆ ತಲೆನೋವಿಗಿಂತ ಫ್ಲ್ಯಾಟ್ ಬರೆಸಿಕೊಳ್ಳುವುದು ಮ್ಯಾನೇಜರ್‌ಗೆ ಸುಲಭ. ಆದ್ದರಿಂದ ಕೇಳುವ ರೀತಿ ಮುಖ್ಯ. 'ಸಬ್ಸಿಡಿ ಸಾಲ ಕೊಡಿ' ಅನ್ನಬೇಡಿ. ಈ ಎರಡರಲ್ಲೂ ಸಬ್ಸಿಡಿ ಇಲ್ಲ. 'ಟರ್ಮ್ ಲೋನ್, ಸಿಜಿಟಿಎಂಎಸ್‌ಇ ಕವರ್‌ನಲ್ಲಿ, ಮಾರ್ಜಿನ್ 20%, ಕೊಲ್ಯಾಟರಲ್ ಇಲ್ಲ' (ಮಾರ್ಜಿನ್ ನಿಮ್ಮ ಕೈಯ ಪಾಲು, ಕೊಲ್ಯಾಟರಲ್ ಅಂದರೆ ಅಡಮಾನ) ಎಂದು ಲಿಖಿತವಾಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನೂ ಲಿಖಿತವಾಗಿ ಕೇಳಿ. ಬಾಯಿಮಾತಿನ 'ಆಗಲ್ಲ' ಎಷ್ಟೋ ಸಲ ಅಲ್ಲೇ ಕರಗುತ್ತದೆ.

ಮೊದಲು ಈಗಿನ ಸಾಲ ಇರುವ ಬ್ಯಾಂಕಿಗೇ ಹೋಗಿ. ನಿಮ್ಮ 28 ಕಂತಿನ ನಡತೆ ಅವರ ಕಂಪ್ಯೂಟರ್‌ನಲ್ಲೇ ಇದೆ.

ಭೋಸರಿ_ಪಿಕಪ್:

28 ಕಂತು ಅಂತ ಹೇಗೆ ಗೊತ್ತಾಯ್ತು ಸರ್? 36ರದ್ದೇ, ಸರಿಯಾಗಿದೆ. ಇನ್ನೊಂದು, 10 ಲಕ್ಷ ಮುದ್ರಾ, ಉಳಿದ 4 ಲಕ್ಷ ಬೇರೆ ಕಡೆ ಅಂತ ಎರಡು ಸಾಲ ಮಾಡಬಹುದಾ?

ಲೆಕ್ಕಪತ್ರ_ಪಿಂಪ್ರಿ:

ಕಿಶೋರ್ ಗಾಡಿ ಸಾಲ ಮೂರು ವರ್ಷಕ್ಕೆ ಮಾಡುವುದು ಮಾಮೂಲು, ಅಂದಾಜಿಗೆ ಹೇಳಿದೆ.

ಎರಡು ಸಾಲ ಬೇಡ. ಒಂದೇ ಗಾಡಿಯ ಆರ್‌ಸಿ ಮೇಲೆ ಒಬ್ಬರ ಹೈಪಾಥಿಕೇಶನ್ ಬರುತ್ತದೆ. ಎರಡನೆಯವರು ಕೊಡುವುದು ಪರ್ಸನಲ್ ಲೋನ್, ಬಡ್ಡಿ ಹೆಚ್ಚು, ಅವಧಿ ಕಡಿಮೆ. ಮಾರ್ಜಿನ್ ದುಡ್ಡು ಸಾಲದ್ದು ಅಂತ ಸಿಬಿಲ್‌ನಲ್ಲಿ ಕಂಡರೆ ಮೊದಲ ಬ್ಯಾಂಕೂ ಸ್ಯಾಂಕ್ಷನ್ ತಡೆಯುತ್ತದೆ.

ಚಾಕಣ_ಲೈನ್:

ಸ್ಕೀಮಿನ ಮಾತು ಆಮ್ಯಾಲ ಆಗ್ಲಿ. ಮೊದ್ಲ ಗಾಡಿ ತನ್ನ ಕಂತು ತಾನ ಕಟ್ಟತೈತೇನು ನೋಡೂಣು.

ಚಾಕಣ–ಭಿವಂಡಿ ಹೋಗಿ ಬರೂದು 280 ಕಿಲೋಮೀಟರ್ ಹಿಡೀರಿ. 16 ಟ್ರಿಪ್ ಅಂದ್ರ ತಿಂಗಳಿಗೆ 4,500. ಘಾಟ ಐತಿ, ಟ್ರಾಫಿಕ್ ಐತಿ, ಲೀಟರ್‌ಗೆ 8ರ ಮ್ಯಾಲ ಆಸೆ ಇಟ್ಕೋಬ್ಯಾಡ್ರಿ. 562 ಲೀಟರ್, 90 ರೂಪಾಯಿ ಹಿಡಿದ್ರ ಡೀಸೆಲ್ 50,600. ಯೂರಿಯಾ (ಹೊಗಿ ಸ್ವಚ್ಛ ಮಾಡೂ ದ್ರವ) ಲೀಟರ್ ಲೆಕ್ಕದಾಗ ಡೀಸೆಲ್‌ನ ನೂರಕ್ಕ ನಾಕು ಹಿಡಿದ್ರ 1,200. ಟೋಲ್ 18,000. ಟಾಯರ್ ಆರು, ಒಂದಕ್ಕ 13,000, 60,000 ಕಿಲೋಮೀಟರ್ ಓಡತಾವ ಅಂದ್ರ ತಿಂಗಳಿಗೆ 5,850 ತೆಗೆದಿಡಬೇಕು. ಸರ್ವಿಸ್, ಗ್ರೀಸ್, ಬ್ರೇಕ್ ಲೈನರ್, ಕ್ಲಚ್ ಸೇರಿ 6,000. ಇಷ್ಟೂ ಗಾಡಿ ಓಡಿದ್ರ ಆಗೂ ಖರ್ಚು: 81,650. ಟ್ರಿಪ್‌ಗೆ 5,100.

ಗಾಡಿ ನಿಂತ್ರೂ ಆಗೂ ಖರ್ಚು ಬ್ಯಾರೆ. ಡ್ರೈವರ್ ಪಗಾರ 20,000, ಭತ್ತೆ 6,000, ಇನ್ಶೂರೆನ್ಸ್ ತಿಂಗಳ ಲೆಕ್ಕಕ್ಕ 5,000, ಟ್ಯಾಕ್ಸ್-ಪರ್ಮಿಟ್-ಫಿಟ್‌ನೆಸ್ 2,500. ಒಟ್ಟು 33,500. (ಭತ್ತೆ ಟ್ರಿಪ್ ಮ್ಯಾಲ ಅಂತ ಜಗಳ ತಗೀಬ್ಯಾಡ್ರಿ. ಗಾಡಿ ಗೋದಾಮಿನ ಮುಂದ ಎರಡು ದಿನ ನಿಂತ್ರೂ ಡ್ರೈವರ್ ಊಟ ಮಾಡ್ತಾನ.)

ಬರೂದು 16 × 9,500, 1,52,000. ಖರ್ಚು 1,15,150. ಉಳಿದಿದ್ದು 36,850.

14 ಲಕ್ಷಕ್ಕ 11%, 60 ಕಂತಾದ್ರ ತಿಂಗಳಿಗೆ 30,439. ಅಂದ್ರ ಕಂತಿನ 1.21 ಪಟ್ಟು ಉಳಿತೈತಿ. ಬ್ಯಾಂಕಿನವ್ರು ಡಿಎಸ್‌ಸಿಆರ್ ಅಂತಾರಲ್ಲ, ಅದು ಇದ. 1.25ಕ್ಕಿಂತ ಕೆಳಗ ಇದ್ರ ಕ್ರೆಡಿಟ್‌ನವ್ರು ಮಾರಿ ಕಿವುಚ್ತಾರ. ಅದ 72 ಕಂತು ಮಾಡಿದ್ರ 26,648, ಅನುಪಾತ 1.38. ಫೈಲ್ ಪಾಸ್ ಆಗೂ ಹಂಗ ಕಾಣತೈತಿ.

ಆದ್ರ ಖರೇ ಪ್ರಶ್ನೆ 16 ಟ್ರಿಪ್ ಸಿಗತಾವೇನು ಅನ್ನೂದು. ಒಂದು ಟ್ರಿಪ್‌ನಾಗ ಓಡೂ ಖರ್ಚು ಹೋಗಿ 4,400 ಉಳಿತೈತಿ. 60 ಕಂತಾದ್ರ ಕಂತು ಮತ್ತ ನಿಂತ ಖರ್ಚು ಸೇರಿ 63,939 ಬೇಕು, ಅಂದ್ರ 15 ಟ್ರಿಪ್ ಆಗಾಕಬೇಕು. 72 ಆದ್ರ 14. ಅಷ್ಟ. ನಿಮ್ಮ ಕೈಯಾಗ ಇರೂ ಸಡಿಲು ತಿಂಗಳಿಗೆ ಒಂದು ಇಲ್ಲಾ ಎರಡು ಟ್ರಿಪ್. ದೀಪಾವಳಿ ವಾರ, ಗಣಪತಿ ವಿಸರ್ಜನೆ ದಿನ, ಕಂಪನಿ ಶಟ್‌ಡೌನ್, ಜುಲೈ ಮಳ್ಯಾಗ ಘಾಟ ಬಂದ್. ಎಲ್ಲಾದಕ್ಕೂ ಇದ್ರಾಗ ಕಳೀರಿ.

ಅದಕ್ಕ ಎರಡು ಮಾತು ಟ್ರಾನ್ಸ್‌ಪೋರ್ಟ್‌ನವ್ರ ಹಂತೇಕ ಈಗ ಬರಿಸಿಕೋರಿ: ಕನಿಷ್ಠ ಟ್ರಿಪ್ ಎಷ್ಟು, ಮತ್ತ ಹಾಲ್ಟಿಂಗ್ ಎಷ್ಟು ತಾಸಿನ ಮ್ಯಾಲ ಎಷ್ಟು ರೂಪಾಯಿ. ಡೀಸೆಲ್ ಏರಿದ್ರ ಬಾಡಿಗಿ ಹೆಂಗ ಏರಬೇಕು ಅನ್ನೂದೂ ಒಂದು ಸಾಲು ಇರ್ಲಿ. ಅದ ಪತ್ರ ಬ್ಯಾಂಕ್ ಫೈಲಿಗೂ ಕೆಲಸಕ್ಕ ಬರತೈತಿ. ಬರೇ 'ಕೊಡ್ತೀವಿ' ಅನ್ನೂ ಮಾತಿನ ಮ್ಯಾಲ ಆರು ವರ್ಷದ ಸಾಲ ಮಾಡಬ್ಯಾಡ್ರಿ. ರಿಟರ್ನ್ ಲೋಡ್ ನಾನು ಬೇಕಂತ ಹಿಡಿದಿಲ್ಲ. ಬಂದ್ರ ಪುಣ್ಯ.

ಜಿವಿಡಬ್ಲ್ಯೂ 7,490 ಆರಿಸಿದ್ದು ಛಲೋ ಮಾಡೀರಿ. 7,500 ಒಳಗಿದ್ರ ಎಲ್‌ಎಂವಿ (ಹಗುರ ಗಾಡಿ) ಲೈಸನ್ಸ್ ಡ್ರೈವರ್ ನಡೀತಾನ, 2024ರ ನವೆಂಬರ್‌ನಾಗ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಅದನ್ನ ಪಕ್ಕಾ ಮಾಡೇತಿ. ಥರ್ಡ್ ಪಾರ್ಟಿ ಪ್ರೀಮಿಯಮ್ಮೂ 2022ರ ದರಪಟ್ಟ್ಯಾಗ 7,500ದ ತನ ವರ್ಷಕ್ಕ 16,049, ಅದ್ರ ಮ್ಯಾಲಿಂದು 12,000 ಕೆಜಿ ತನ 27,186. ಆದ್ರ ನಾಕು ಟನ್‌ನ ಗಾಡ್ಯಾಗ ಆರು ಟನ್ ಹಾಕಿದ್ರ ಈ ಉಳಿತಾಯ ಎಲ್ಲಾ ನೀರಾಗ ಹೋಮ. ಓವರ್‌ಲೋಡ್ ದಂಡ 20,000, ಮ್ಯಾಲ ಹೆಚ್ಚಿನ ಒಂದೊಂದು ಟನ್‌ಗೆ 2,000, ಮತ್ತ ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು.

ವಾಶಿ_ಗಾಳಾ:

ಮೇಲಿನ ಲೆಕ್ಕದಲ್ಲಿ ಒಂದು ತೂತು ಇದೆ. ದುಡ್ಡು ಬರುವುದು 45 ದಿನಕ್ಕೆ. ಡೀಸೆಲ್, ಟೋಲ್, ಪಗಾರ ಇವತ್ತೇ ಬೇಕು. ಒಂದೂವರೆ ತಿಂಗಳ ಖರ್ಚು ಅಂದರೆ 1.7 ಲಕ್ಷ, ಜೊತೆಗೆ ಮೊದಲ ಕಂತು. ಕೈಯಲ್ಲಿದ್ದ 3.6 ಲಕ್ಷ ಪೂರ್ತಿ ಮಾರ್ಜಿನ್‌ಗೆ ಸುರಿದರೆ ಎರಡನೇ ತಿಂಗಳಲ್ಲೇ ನ್ಯಾಚ್ (ಖಾತೆಯಿಂದ ಕಂತು ತಾನೇ ಕಡಿಯುವ ವ್ಯವಸ್ಥೆ) ಬೌನ್ಸ್ ಆಗುತ್ತದೆ, ಗಾಡಿ ದಿನಾ ಓಡುತ್ತಿದ್ದರೂ! ಹೊಸ ಗಾಡಿ ಸಾಲಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ, ಕೆಲಸ ಇಲ್ಲದೆ ಅಲ್ಲ.

ಪರಿಹಾರ: ಟರ್ಮ್ ಲೋನ್ ಜೊತೆಗೇ 2 ಲಕ್ಷದ ಕ್ಯಾಶ್ ಕ್ರೆಡಿಟ್ ಅಥವಾ ಓಡಿ (ಬೇಕಾದಾಗ ತೆಗೆದು ಕಟ್ಟುವ ಓವರ್‌ಡ್ರಾಫ್ಟ್) ಕೇಳಿ. ಸಿಜಿಟಿಎಂಎಸ್‌ಇ ಕವರ್‌ಗೆ ಎರಡೂ ಒಟ್ಟಿಗೆ ಬರುತ್ತವೆ, ಆಗ ಮೊದಲ ವರ್ಷದ ಶುಲ್ಕ 16 ಲಕ್ಷದ ಮೇಲೆ 8,800 ಮತ್ತು ಜಿಎಸ್‌ಟಿ. ಆಮೇಲೆ ಪ್ರತ್ಯೇಕವಾಗಿ ಕೇಳಿದರೆ ಹೊಸ ಫೈಲು, ಹೊಸ ಪ್ರೊಸೆಸಿಂಗ್ ಫೀ, ಮತ್ತೆ ಅದೇ ಓಡಾಟ. ಜೊತೆಗೆ ಮೂರು ತಿಂಗಳ ಮೊರಟೋರಿಯಂ (ಕಂತಿಗೆ ಬಿಡುವು) ಕೇಳಿ. ಆ ಮೂರು ತಿಂಗಳೂ ಬಡ್ಡಿ ಓಡುತ್ತದೆ, ಮರೆಯಬೇಡಿ.

45 ದಿನದ ವಿಷಯ. ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪೋರ್ಟಲ್) ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ, ಲಿಖಿತ ಕರಾರು ಇದ್ದರೂ 45 ದಿನ ದಾಟಿ ಪಾವತಿ ಮಾಡುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇದೆ. ಬಡ್ಡಿ ಕೇಳಿ ಗಿರಾಕಿ ಕಳೆದುಕೊಳ್ಳುವವರು ಯಾರೂ ಇಲ್ಲ, ಅದು ಬೇರೆ ಮಾತು. ಆದರೆ 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಬಂದ ಮೇಲೆ ಕೆಲಸ ಸ್ವಲ್ಪ ಸುಲಭ. ಈ ಗಡುವಿನೊಳಗೆ ಕೊಡದ ಬಾಡಿಗೆಯನ್ನು ಕಂಪನಿ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಹಾಗಾಗಿ ಪ್ರತಿ ಬಿಲ್‌ನ ಮೇಲೂ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಮಾರ್ಚ್ ಬಂದಾಗ ಅವರ ಅಕೌಂಟ್ಸ್ ವಿಭಾಗವೇ ಫೋನ್ ಮಾಡುತ್ತದೆ.

ಲೆಕ್ಕಪತ್ರ_ಪಿಂಪ್ರಿ:

ಓಡಿ ಸೇರಿಸಿ ಕೇಳುವುದು ಸರಿ, ನಾನೂ ಅದನ್ನು ಮೊದಲೇ ಬರೆಯಬೇಕಿತ್ತು. ಈಗ ಕಾಗದದ ವಿಷಯ.

ಉದ್ಯಮ್ ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. 500, 1,000 ಕೇಳುವ ಸೈಟ್‌ಗಳು ಸರ್ಕಾರದ್ದಲ್ಲ. ಚಟುವಟಿಕೆ ಆರಿಸುವಾಗ ಎನ್‌ಐಸಿ 49231, ಅಂದರೆ ಮೋಟಾರು ವಾಹನದಲ್ಲಿ ರಸ್ತೆ ಸರಕು ಸಾಗಣೆ. ಇಲ್ಲಿ ಕೊರಿಯರ್, ಗೋದಾಮು ಅಥವಾ 'ಇತರೆ ಸೇವೆ' ಅಂತ ಹಾಕಿದರೆ ಬ್ಯಾಂಕಿನವರು ಸಾಲದ ಉದ್ದೇಶಕ್ಕೂ ಇದಕ್ಕೂ ತಾಳೆಯಿಲ್ಲ ಎಂದು ಫೈಲ್ ವಾಪಸ್ ಮಾಡುತ್ತಾರೆ. ಈಗಾಗಲೇ ನೋಂದಣಿ ಇದ್ದರೆ ಕೋಡ್ ನೋಡಿ, ತಪ್ಪಿದ್ದರೆ ಪೋರ್ಟಲ್‌ನಲ್ಲೇ ತಿದ್ದಬಹುದು.

ವಿಳಾಸ: ಆಧಾರ್‌ನಲ್ಲಿ ಇಂಡಿ ಇದೆ ಅಂತ ಸಾಲ ನಿಲ್ಲಬೇಕಿಲ್ಲ, ಆದರೆ ಪುಣೆಯಲ್ಲಿ ನೆಲೆ ಇದೆ ಎಂದು ತೋರಿಸಬೇಕು. ಬಾಡಿಗೆ ಮನೆಯಾದರೆ ನೋಂದಾಯಿತ ಲೀವ್ ಅಂಡ್ ಲೈಸನ್ಸ್ ಕರಾರು. ಸ್ಟ್ಯಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ್ದು ಮಹಾರಾಷ್ಟ್ರದಲ್ಲಿ ಸಾಲದು. ಜೊತೆಗೆ ವಿದ್ಯುತ್ ಬಿಲ್, ಗ್ಯಾಸ್ ಬಿಲ್. ವ್ಯಾಪಾರದ ವಿಳಾಸಕ್ಕೆ ಗುಮಾಸ್ತಾ, ಅಂದರೆ ಅಂಗಡಿ-ಸಂಸ್ಥೆ ಕಾಯ್ದೆಯ ನೋಂದಣಿ. 2017ರ ಕಾಯ್ದೆಯ ಪ್ರಕಾರ ಕೆಲಸಗಾರರು ಕೆಲವೇ ಜನ ಇದ್ದರೆ ನೋಂದಣಿ ಬೇಡ, ಆನ್‌ಲೈನ್ ಸೂಚನೆ ಕೊಟ್ಟರೆ ರಸೀದಿ ಸಿಗುತ್ತದೆ. ಬ್ಯಾಂಕ್ ಆ ರಸೀದಿಯನ್ನೇ ಗುಮಾಸ್ತಾ ಅಂತ ತಗೊಳ್ಳುತ್ತದೆ. ಪುಣೆಯಲ್ಲೇ ಇರುವ ಯೋಚನೆ ಇದ್ದರೆ ಆಧಾರ್ ವಿಳಾಸ ಬದಲಿಸಿಬಿಡಿ, ಆರ್‌ಟಿಓದಲ್ಲೂ ಅದೇ ಕೆಲಸಕ್ಕೆ ಬರುತ್ತದೆ.

ಊರಲ್ಲಿ ಟ್ಯಾಕ್ಸ್ ಲೆಕ್ಕ ಹೇಗೋ ಎಂದು ಕೆಎ ಪಾಸಿಂಗ್ ಮಾಡಿಸಿ ಇಲ್ಲಿ ಓಡಿಸುವ ಯೋಚನೆ ಬೇಡ. ಗಾಡಿ 12 ತಿಂಗಳು ದಾಟಿ ಬೇರೆ ರಾಜ್ಯದಲ್ಲೇ ಇದ್ದರೆ ಅಲ್ಲಿನ ನಂಬರ್ ತೆಗೆಸಬೇಕು. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಟ್ಯಾಕ್ಸ್ ವಾಪಸ್, ಎಲ್ಲ ಸುತ್ತು.

ಇನ್ನು ಆದಾಯ. ಫೈಲ್‌ಗಳು ಹೆಚ್ಚು ಬೀಳುವುದು ಇಲ್ಲಿ. 10 ಗಾಡಿವರೆಗೆ ಇರುವವರು 1961ರ ಆದಾಯ ತೆರಿಗೆ ಕಾಯ್ದೆಯ 44ಎಇ (ಗಾಡಿ ಲೆಕ್ಕದಲ್ಲಿ ಅಂದಾಜು ಆದಾಯ) ಅಡಿ ರಿಟರ್ನ್ ಹಾಕುತ್ತಾರೆ. 12,000 ಕೆಜಿ ಜಿವಿಡಬ್ಲ್ಯೂ ಒಳಗಿನ ಗಾಡಿಗೆ ತಿಂಗಳಿಗೆ 7,500 ಆದಾಯ ಅಂತ ಲೆಕ್ಕ. ಒಂದು ಪಿಕಪ್‌ಗೆ ವರ್ಷಕ್ಕೆ 90,000. ಎರಡು ಗಾಡಿ ಆದರೂ 1.8 ಲಕ್ಷ. ಕಂತು ವರ್ಷಕ್ಕೆ 3 ಲಕ್ಷದ ಮೇಲೆ. ರಿಟರ್ನ್ ನೋಡಿದ ಅಧಿಕಾರಿಗೆ ನೀವು ಊಟವನ್ನೇ ಮಾಡುತ್ತಿಲ್ಲ ಅನ್ನಿಸಬೇಕು! ಕಾಯ್ದೆ ಹೇಳುವುದು 7,500 ಅಥವಾ ನೀವು ನಿಜವಾಗಿ ಗಳಿಸಿದ್ದು, ಯಾವುದು ಹೆಚ್ಚೋ ಅದು. ನಿಜವಾಗಿ 25,000 ಉಳಿಯುತ್ತಿದ್ದರೆ 25,000 ತೋರಿಸಿ. ಸ್ವಲ್ಪ ತೆರಿಗೆ ಉಳಿಸಲು ಹೋಗಿ 14 ಲಕ್ಷದ ಅರ್ಹತೆ ಕಳೆದುಕೊಳ್ಳುವುದು ಯಾವ ಲೆಕ್ಕ? ಆದರೆ ಸಾಲಕ್ಕಾಗಿ ಮೂರು ವರ್ಷದ ರಿಟರ್ನ್ ಒಂದೇ ವಾರದಲ್ಲಿ ಹಾಕಿದರೆ ತಾರೀಖು ನೋಡಿಯೇ ಬ್ಯಾಂಕ್ ಅದನ್ನು ಪಕ್ಕಕ್ಕಿಡುತ್ತದೆ. ತೋರಿಸಿದ ಆದಾಯ ಖಾತೆಯ ಜಮೆಯಲ್ಲೂ ಕಾಣಬೇಕು. ಬಾಡಿಗೆ ನಗದಿನಲ್ಲಿ ತಗೊಂಡು ಡೀಸೆಲ್‌ಗೆ ನಗದೇ ಕೊಟ್ಟರೆ 12 ತಿಂಗಳ ಸ್ಟೇಟ್‌ಮೆಂಟ್ ಖಾಲಿ.

ಜಿಎಸ್‌ಟಿ ನಂಬರ್ ಎಲ್ಲಿ ಅಂತ ಕೇಳಿದರೆ: ಬಿಲ್ಟಿ (ಮಾಲಿನ ಸಾಗಣೆ ರಸೀದಿ) ಮಾಡುವ ಟ್ರಾನ್ಸ್‌ಪೋರ್ಟ್ ಏಜೆನ್ಸಿಗೆ ಗಾಡಿ ಬಾಡಿಗೆಗೆ ಕೊಡುವುದು ಜಿಎಸ್‌ಟಿ ವಿನಾಯಿತಿಯಲ್ಲಿದೆ. ಬಿಲ್ಟಿ ನೀವೇ ಮಾಡದೆ ಅವರ ಕೆಳಗೆ ಓಡಿಸಿದರೆ ನಂಬರ್ ಬೇಕಿಲ್ಲ. ಅದರ ಬದಲು 26ಎಎಸ್ (ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ಪಟ್ಟಿ) ತೆಗೆದು ಕೊಡಿ. 10 ಗಾಡಿ ಒಳಗಿನವರು ಪ್ಯಾನ್ ಸಮೇತ ಘೋಷಣೆ ಕೊಟ್ಟಿದ್ದರೆ ಟಿಡಿಎಸ್ ಕಡಿಯುವುದಿಲ್ಲ, ಆದರೂ ಕಂಪನಿ ತನ್ನ ಟಿಡಿಎಸ್ ರಿಟರ್ನ್‌ನಲ್ಲಿ ಆ ಪಾವತಿ ತೋರಿಸಬೇಕು. ತೋರಿಸಿದ್ದಾರಾ ಅಂತ ಈಗಲೇ ನೋಡಿ.

ಫೋಂಡಾ_ಟಿಪ್ಪರ್:

ಗೋವಾದಿಂದ ಒಂದು ಮಾತು. ಒಂದೇ ಲೋಡ್, ಒಂದೇ ಪಾರ್ಟಿ ನಂಬಿ ಸಾಲ ಎಳೆದರೆ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿನ ಗಣಿ ಲಾರಿಗಳೇ ಉದಾಹರಣೆ. 2012ರಲ್ಲಿ ಅದಿರು ನಿಂತಿತು. ಮತ್ತೆ ಶುರುವಾಗಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 88 ಲೀಸ್ ರದ್ದು ಮಾಡಿತು, ಮಾರ್ಚ್ 15ರ ನಂತರ ಎಲ್ಲ ಟಿಪ್ಪರ್‌ಗಳು ಮನೆ ಮುಂದೆ. ಗಾಡಿಯಲ್ಲಿ ದೋಷವಿರಲಿಲ್ಲ, ಡ್ರೈವರ್ ಇದ್ದ, ಲೋಡೇ ಇಲ್ಲ. ಅದಿರಿನ ಬಾಡಿ ಕಟ್ಟಿದ ಟಿಪ್ಪರ್ ವೆರ್ಣಾದ ಕಾರ್ಖಾನೆ ಮಾಲಿಗೆ ಒಗ್ಗುವುದಿಲ್ಲ, ಎಲ್ಲರೂ ಒಟ್ಟಿಗೆ ಮಾರಲು ನಿಂತರೆ ಬೆಲೆಯೂ ಇಲ್ಲ.

ಹಾಗಾಗಿ ಬಾಡಿ ಆರಿಸುವಾಗ ಯೋಚಿಸಿ. ಭಿವಂಡಿ ಗೋದಾಮಿನವರು ಮುಚ್ಚಿದ ಕಂಟೇನರ್ ಬಾಡಿ ಕೇಳುತ್ತಾರೆ. ಅದರಲ್ಲಿ ತರಕಾರಿ, ಕಬ್ಬಿಣ, ಮೆಷಿನ್ ರಿಟರ್ನ್ ಲೋಡ್ ಹಾಕಲು ಆಗುವುದಿಲ್ಲ, ಕ್ರೇನ್ ಮೇಲಿಂದ ಇಳಿಸಲಾರದು. ಹೈ ಸೈಡ್ ಡೆಕ್ ಮೇಲೆ ತಾಡಪತ್ರಿ ಹಾಕಿದರೆ ಎರಡಕ್ಕೂ ನಡೆಯುತ್ತದೆ, ಆದರೆ ಕೆಲವು ಕಂಪನಿಗಳ ಗೇಟಿನಲ್ಲಿ ಬಿಡುವುದಿಲ್ಲ. ಈಗಿನ ಪಾರ್ಟಿ ಕೈಬಿಟ್ಟರೆ ಇದೇ ಬಾಡಿಯಲ್ಲಿ ಬೇರೆ ಏನು ಹೊರಬಹುದು ಅನ್ನುವುದಕ್ಕೆ ಉತ್ತರ ಇರಲಿ.

ಚಾಕಣ_ಲೈನ್:

ಫೋಂಡಾದವ್ರು ಹೇಳಿದ್ದು ಖರೆ. ಗೇಟಿನ ಮಾತು ಕಂಪನ್ಯಾಗ ಮೊದ್ಲ ಕೇಳಿ ಬಾಡಿ ಆರ್ಡರ್ ಕೊಡ್ರಿ.

ಭೋಸರಿ_ಪಿಕಪ್:

ಎಲ್ಲರಿಗೂ ಧನ್ಯವಾದ. ಒಂದು ಫೈನಾನ್ಸ್ ಕಂಪನಿಯವರು ಮೂರೇ ದಿನದಲ್ಲಿ ಕೊಡ್ತೀವಿ, 8% ಫ್ಲ್ಯಾಟ್, 48 ಕಂತು ಅಂತಾರೆ. ಬ್ಯಾಂಕಿನ 11ಕ್ಕಿಂತ ಕಡಿಮೆ ಅಲ್ಲವಾ? ಇನ್ನೊಬ್ಬರು ಮುದ್ರಾ ಏಜೆಂಟ್ ಅಂತೆ, 6,000 ಮೊದಲೇ ಕೊಟ್ಟರೆ ಸ್ಯಾಂಕ್ಷನ್ ಲೆಟರ್ ತರ್ತಾರಂತೆ.

ವಾಶಿ_ಗಾಳಾ:

ಎರಡನೆಯದಕ್ಕೆ ಮೊದಲು ಉತ್ತರ: ಕೊಡಬೇಡಿ. ಮುದ್ರಾಗೆ ಏಜೆಂಟ್ ಇಲ್ಲ. ಮುದ್ರಾ ಲಾಂಛನ ಹಾಕಿದ ಸುಳ್ಳು ಸ್ಯಾಂಕ್ಷನ್ ಪತ್ರ ತೋರಿಸಿ 'ಫೈಲ್ ಚಾರ್ಜ್' ಕೀಳುವುದು ಹಳೇ ಆಟ. ಮುದ್ರಾ ಸಂಸ್ಥೆ ಸಾಲಗಾರರಿಗೆ ನೇರ ಸಾಲವನ್ನೇ ಕೊಡುವುದಿಲ್ಲ, ಹಾಗಿದ್ದ ಮೇಲೆ ಅದರ ಪತ್ರ ಎಲ್ಲಿಂದ ಬರಬೇಕು? ಆನ್‌ಲೈನ್ ಅರ್ಜಿ ಬೇಕಿದ್ದರೆ ಸರ್ಕಾರದ ಜನ್‌ಸಮರ್ಥ್ ಪೋರ್ಟಲ್ ಇದೆ.

8% ಫ್ಲ್ಯಾಟ್ ಅಂದರೆ ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುವುದು. 10 ಲಕ್ಷಕ್ಕೆ ನಾಲ್ಕು ವರ್ಷ 8% ಅಂದರೆ 3.2 ಲಕ್ಷ ಬಡ್ಡಿ, ಕಂತು 27,500. ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು 14.3% ಆಸುಪಾಸು. ನಿಮ್ಮ 14 ಲಕ್ಷಕ್ಕೆ ಕಂತು 38,500. ಉಳಿಯುವುದು 36,850 ಅಂತ ಮೇಲೆ ಲೆಕ್ಕ ಬಂದಿದೆ. 16 ಟ್ರಿಪ್ ಪೂರ್ತಿ ಓಡಿದರೂ ಪ್ರತಿ ತಿಂಗಳು ಕೈಯಿಂದ ಹಾಕಬೇಕು.

ಆದರೂ ಫೈನಾನ್ಸ್ ಕಂಪನಿಗಳನ್ನು ಪೂರ್ತಿ ತಳ್ಳಿಹಾಕಬೇಡಿ. ರಿಟರ್ನ್ ಇಲ್ಲದವರಿಗೆ, ಹಳೇ ಗಾಡಿ ಕೊಳ್ಳುವವರಿಗೆ ಬ್ಯಾಂಕ್ ಬಾಗಿಲು ತೆರೆಯುವುದೇ ಇಲ್ಲ. ಇಂಥ ಕೆಲವು ಕಂಪನಿಗಳು (ಎನ್‌ಬಿಎಫ್‌ಸಿ) ಸಿಜಿಟಿಎಂಎಸ್‌ಇ ಸದಸ್ಯರೂ ಹೌದು. ಕೇಳಬೇಕಾದದ್ದು ಮೂರು: ವಾರ್ಷಿಕ ದರ ಇಳಿಯುವ ಬಾಕಿ ಮೇಲೆ ಎಷ್ಟು, ಸ್ಥಿರವೋ ಫ್ಲೋಟಿಂಗೋ, ಮೊದಲೇ ತೀರಿಸಿದರೆ ದಂಡ ಎಷ್ಟು. ಬ್ಯಾಂಕಿನ ಫ್ಲೋಟಿಂಗ್ ದರದ ಸಾಲವಾದರೆ, 2026ರ ಜನವರಿ 1ರಿಂದ ಮಂಜೂರಾದ ಸೂಕ್ಷ್ಮ ಮತ್ತು ಸಣ್ಣ ಉದ್ಯಮದ ಸಾಲಕ್ಕೆ ಮೊದಲೇ ತೀರಿಸಿದ ದಂಡ ಹಾಕುವಂತಿಲ್ಲ ಅಂತ ಆರ್‌ಬಿಐ ನಿಯಮ. ಸ್ಥಿರ ದರಕ್ಕೆ ಈ ರಕ್ಷಣೆ ಇಲ್ಲ, ಗಾಡಿ ಫೈನಾನ್ಸ್ ಬಹುಪಾಲು ಸ್ಥಿರ ದರದ್ದೇ.

ಅದಕ್ಕೇ 72 ಕಂತು, ಫ್ಲೋಟಿಂಗ್ ಅನ್ನುವುದು ನಿಮಗೆ ಒಗ್ಗುತ್ತದೆ. 60ಕ್ಕೆ ಹೋಲಿಸಿದರೆ ಒಟ್ಟು ಬಡ್ಡಿ 92,000 ಹೆಚ್ಚು, ನಿಜ. ಆದರೆ ಟ್ರಿಪ್ ಚೆನ್ನಾಗಿದ್ದ ತಿಂಗಳು 5,000, 10,000 ಹೆಚ್ಚಿಗೆ ಕಟ್ಟಿದರೆ ಆ ವ್ಯತ್ಯಾಸ ಕರಗುತ್ತದೆ. ಹೆಚ್ಚಿಗೆ ಕಟ್ಟುವಾಗ 'ಅವಧಿ ಕಡಿಮೆ ಮಾಡಿ' ಅಂತ ಬರೆದು ಕೊಡಿ, ಇಲ್ಲದಿದ್ದರೆ ಮುಂದಿನ ಕಂತಿಗೆ ಅಡ್ವಾನ್ಸ್ ಅಂತ ಜಮಾ ಮಾಡಿ ಕೂರುತ್ತಾರೆ.

ಲೆಕ್ಕಪತ್ರ_ಪಿಂಪ್ರಿ:

ಸ್ಯಾಂಕ್ಷನ್ ಆದ ಮೇಲಿನ ಎಡವಟ್ಟುಗಳನ್ನೂ ಬರೆದುಬಿಡುತ್ತೇನೆ.

ಕೊಟೇಶನ್ ಹಳೆಯದಾ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನದ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೇ ದರದ ಕೊಟೇಶನ್ ಮೇಲೆ ಸಾಲ ಮಂಜೂರಾದರೆ ಇನ್‌ವಾಯ್ಸ್ ಕಡಿಮೆ ಬರುತ್ತದೆ, ಆಗ ಬ್ಯಾಂಕ್ ಸಾಲವನ್ನೂ ಅದೇ ಅನುಪಾತದಲ್ಲಿ ಇಳಿಸುತ್ತದೆ. 'ಉಳಿದ ದುಡ್ಡು ನನಗೆ' ಅನ್ನಲು ಬರುವುದಿಲ್ಲ.

ಬಾಡಿ ಸಮೇತ ಕಂಪನಿಯಿಂದಲೇ ಬರುವ ಗಾಡಿಯಾದರೆ ಒಂದೇ ಇನ್‌ವಾಯ್ಸ್, ಒಂದೇ ಡಿಡಿ. ಚಾಸಿ ತಗೊಂಡು ಹೊರಗೆ ಬಾಡಿ ಕಟ್ಟಿಸಿದರೆ ಚಾಸಿ ದುಡ್ಡು ಡೀಲರ್‌ಗೆ, ಬಾಡಿ ದುಡ್ಡು ಬಾಡಿ ಬಿಲ್ಡರ್‌ಗೆ, ಎರಡು ಕೊಟೇಶನ್. ಕೆಲವು ಶಾಖೆಗಳು ಬಾಡಿ ಕಟ್ಟಿಸಲು ಸಾಲವನ್ನೇ ಕೊಡುವುದಿಲ್ಲ, ಅದು ಮೊದಲೇ ಗೊತ್ತಿರಲಿ. ಬಾಡಿ ಕಟ್ಟುವ ವಾರಗಳಲ್ಲೂ ಚಾಸಿಯ ಬಡ್ಡಿ ಓಡುತ್ತಿರುತ್ತದೆ.

ಆರ್‌ಟಿಓಗೆ ಫಾರ್ಮ್ 20, ಡೀಲರ್ ಕೊಡುವ 21 ಮತ್ತು 22, ಹೈಪಾಥಿಕೇಶನ್‌ಗೆ 34. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬಂದಿದೆಯಾ ನೋಡಿ. ಬರದಿದ್ದರೆ ಗ್ಯಾರಂಟಿ ಕವರ್‌ಗೇ ತೊಂದರೆ ಅಂತ ಬ್ಯಾಂಕ್ ನಿಮ್ಮನ್ನೇ ಓಡಾಡಿಸುತ್ತದೆ. ಇನ್ಶೂರೆನ್ಸ್ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ಇರಬೇಕು. 3,000 ಕೆಜಿ ಜಿವಿಡಬ್ಲ್ಯೂ ದಾಟಿದ್ದರಿಂದ ಪರ್ಮಿಟ್ ಬೇಕೇ ಬೇಕು, ಪಿಕಪ್‌ಗೆ ಬೇಕಿರಲಿಲ್ಲ ಅಂತ ಇದಕ್ಕೂ ಬಿಟ್ಟರೆ ಅಪಘಾತದ ಕ್ಲೇಮ್ ಹೋಗುತ್ತದೆ. ನಿಪ್ಪಾಣಿ ದಾಟಿ ಬೆಳಗಾವಿ ಕಡೆ ಲೋಡ್ ಹಾಕುವುದಿದ್ದರೆ ನ್ಯಾಷನಲ್ ಪರ್ಮಿಟ್, ವರ್ಷಕ್ಕೆ 16,500 ಮತ್ತು ಅಧಿಕಾರ ಪತ್ರಕ್ಕೆ 1,000. ಬರೀ ಭಿವಂಡಿಗೆ ರಾಜ್ಯದ ಪರ್ಮಿಟ್ ಸಾಕು.

ಕಂತು ತಡವಾದರೆ ಬ್ಯಾಂಕಿನ ಲೆಕ್ಕ ಹೀಗೆ (ಎಸ್‌ಎಂಎ ಅಂದರೆ ಎಚ್ಚರಿಕೆಯ ಹಂತ, ಎನ್‌ಪಿಎ ಅಂದರೆ ಕೆಟ್ಟ ಸಾಲ): 30 ದಿನದವರೆಗೆ ಎಸ್‌ಎಂಎ-0, 60ರವರೆಗೆ 1, 90ರವರೆಗೆ 2, 90 ದಾಟಿದರೆ ಎನ್‌ಪಿಎ. ಎಸ್‌ಎಂಎ ಹಂತದಲ್ಲೇ ಮ್ಯಾನೇಜರ್ ಹತ್ತಿರ ಹೋಗಿ ಮರುಹೊಂದಾಣಿಕೆ ಕೇಳಿದರೆ ದಾರಿ ಇರುತ್ತದೆ. 90 ದಾಟಿದ ಮೇಲೆ ಅವರಿಗೆ ಗ್ಯಾರಂಟಿ ಕ್ಲೇಮ್‌ನ ಕಾಗದ ಸಿದ್ಧಪಡಿಸುವುದೇ ಕೆಲಸ.

ಭೋಸರಿ_ಪಿಕಪ್:

ಸರ್, ಕೊನೇದು. ಪಿಕಪ್‌ನ 8 ಕಂತು ಈಗಲೇ ತೀರಿಸಿ ಹೊಸದು ಕೇಳಲಾ, ಹಾಗೇ ಬಿಡಲಾ?

ಲೆಕ್ಕಪತ್ರ_ಪಿಂಪ್ರಿ:

ಬಿಡಿ. ಆ ದುಡ್ಡು ಮೊದಲ 45 ದಿನದ ಡೀಸೆಲ್‌ಗೆ ಬೇಕು. ಚಾಲ್ತಿಯಲ್ಲಿರುವ, ತಪ್ಪದ ಸಾಲ ಫೈಲಿಗೆ ಬಲವೇ. ಡಿಎಸ್‌ಸಿಆರ್ ಲೆಕ್ಕಕ್ಕೆ ಮಾತ್ರ ಪಿಕಪ್‌ನ ಕಂತು ಮತ್ತು ಪಿಕಪ್‌ನ ಗಳಿಕೆ ಎರಡನ್ನೂ ಸೇರಿಸಿ ತೋರಿಸಿ. ಕಂತು ಮಾತ್ರ ಸೇರಿಸಿ ಗಳಿಕೆ ಬಿಟ್ಟು ತಯಾರಿಸಿದ ಪ್ರಾಜೆಕ್ಟ್ ರಿಪೋರ್ಟ್‌ಗಳು ಬಹಳ ಬರುತ್ತವೆ.

8 ಕಂತು ಮುಗಿದ ದಿನವೇ ಎನ್‌ಒಸಿ ಮತ್ತು ಫಾರ್ಮ್ 35 (ಹೈಪಾಥಿಕೇಶನ್ ತೆಗೆಸುವ ಅರ್ಜಿ) ಕೇಳಿ. ಪೂರ್ತಿ ತೀರಿದ ಮೇಲೆ ಕಾಗದ ವಾಪಸ್ ಪಡೆದು ಚಾರ್ಜ್ ತೆಗೆಸಿಕೊಳ್ಳಿ. ಎಂಎಚ್-14ರಲ್ಲಿ ಬ್ಯಾಂಕಿನ ಹೆಸರು ಅಳಿಸಿದ ಆರ್‌ಸಿ ಕೈಗೆ ಬಂದ ಮೇಲೆ ಇನ್ಶೂರೆನ್ಸ್‌ನಲ್ಲೂ ಅಳಿಸಿ. ಇಲ್ಲದಿದ್ದರೆ ಪಿಕಪ್‌ಗೆ ಏನಾದರೂ ಆದಾಗ ಕ್ಲೇಮ್ ಚೆಕ್ ತೀರಿದ ಸಾಲದ ಬ್ಯಾಂಕಿನ ಹೆಸರಿಗೆ ಬರುತ್ತದೆ.